ಗಂಜಿ ಹಾಕಿದ ಜರ್ಕಿನ್

ಮಂಗಳವಾರ, ಶುಕ್ರವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಮ್ಮನವರ ದರ್ಶನ ಮಾಡಿ ಬರುವುದು, ನಾನು ಕೃಷ್ಣಮೂರ್ತಿಪುರಂನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹಿಡಿದ ವ್ರತ. ವ್ರತ ಎನ್ನುವುದು ಮನೆಯವರಿಗೆ ಹೇಳುವ ಮಾತು. ಅದು ನನ್ನ ಪಾಲಿನ ಬಿಡುವು. ಆ ಹೊತ್ತಿನಲ್ಲಿ ಹಾಲು ಉಕ್ಕಿದರೆ ಬೇರೆ ಯಾರಾದರೂ ಒಲೆ ಆರಿಸಬೇಕು, ಟವೆಲ್ ಎಲ್ಲಿದೆ ಎಂದು ಯಾರೂ ನನ್ನನ್ನು ಕೇಳುವಂತಿಲ್ಲ. ದೇವರ ಹೆಸರಿನಲ್ಲಿ ಸಿಕ್ಕ ಬಿಡುವಾದ್ದರಿಂದ ಯಾರೂ ಬೇಡ ಎನ್ನುವ ಹಾಗೂ ಇರಲಿಲ್ಲ. ಅಮ್ಮನವರು ಎಷ್ಟೋ ಕೊಟ್ಟಿದ್ದಾರೆ. ಆದರೆ ಇದನ್ನು ಕೊಟ್ಟಿದ್ದಕ್ಕೆ ನಾನು ದಿನವೂ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಹೊತ್ತು. ಆ ವರ್ಷ ಮುಂಗಾರಿನ ಗಾಳಿ ಶುರುವಾಗುತ್ತಿದ್ದಂತೆ ನನಗೆ ಕೆಮ್ಮು ಹಿಡಿಯಿತು. ಕಷಾಯಕ್ಕೆ ಬಗ್ಗಲಿಲ್ಲ, ಮೆಣಸು ಜೇನುತುಪ್ಪಕ್ಕೂ ಬಗ್ಗಲಿಲ್ಲ. ಕೊನೆಗೆ ಅತ್ತೆಯವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

"ಬೆಟ್ಟ ಹತ್ತೋದು ಒಳ್ಳೇದೇ ಕಣಮ್ಮ," ಎಂದರು ಡಾಕ್ಟರು. "ಮೈಯೆಲ್ಲ ಬೆವರು ಮಾಡ್ಕೊಂಡು ಮೇಲೆ ಹೋಗಿ ಆ ಗಾಳೀಲಿ ನಿಂತ್ಕೋತೀರಲ್ಲ, ಅದು ಎದೆಗೆ ಇಳಿಯುತ್ತೆ."

ಅತ್ತೆಯವರ ಕಿವಿಗೆ ಬಿದ್ದಿದ್ದು 'ಎದೆಗೆ ಇಳಿಯುತ್ತೆ' ಎಂಬುದಷ್ಟೇ. ಮನೆಗೆ ಬಂದವರೇ ತೀರ್ಪು ಕೊಟ್ಟರು.

"ಇನ್ಮೇಲೆ ಮೆಟ್ಲು ಗಿಟ್ಲು ಏನೂ ಬೇಡ. ಬಸ್ಸಲ್ಲಿ ಹೋಗಿ ಬಾ. ಬಸ್ಸಲ್ಲಿ ಬಂದೋರ್ನ ಕಂಡ್ರೆ ಅಮ್ಮನವ್ರು ಮುಖ ತಿರುಗಿಸ್ಕೋತಾರೇನೇ?"

ಬಸ್ಸಿನಲ್ಲಿ ಹೋಗುವುದಾದರೆ ಅತ್ತೆಯವರೂ ಬರುತ್ತಾರೆ, ಅತ್ತೆಯವರ ತಂಗಿಯೂ ಬರುತ್ತಾರೆ. ದರ್ಶನ ಸಿಗುತ್ತದೆ, ಬಿಡುವು ಹೋಗುತ್ತದೆ. ನಾನು ಯಜಮಾನರ ಮುಖ ನೋಡಿದೆ. ಅವರು ಪೇಪರಿನ ಹಿಂದಿನಿಂದಲೇ ಹೇಳಿದರು: "ಗಾಳಿ ತಡಿಯೋ ಅಂಥದ್ದೇನಾದ್ರೂ ಹಾಕ್ಕೊಂಡು ಹೋಗ್ಲಿ ಬುಡಮ್ಮ."

ಅತ್ತೆಯವರು ಷರತ್ತು ಹಾಕಿದರು. "ಸರಿ. ಆಷಾಢದ ಮೊದಲ್ನೇ ಶುಕ್ರವಾರ ಹೋಗಿ ಬರ್ಲಿ, ನೋಡೋಣ. ಬಂದ್ಮೇಲೆ ಒಂದೇ ಒಂದ್ಸಲ ಕೆಮ್ಮಿದ್ಲೋ, ಮುಗೀತು. ಆಮೇಲೆ ಬಸ್ಸೇ."

ಕೆಮ್ಮೇನೋ ಹತ್ತು ಹದಿನೈದು ದಿನದಲ್ಲಿ ಬಿಟ್ಟಿತು. ಗಾಳಿ ತಡೆಯುವ ಬಟ್ಟೆ ಹುಡುಕುವುದು ಉಳಿಯಿತು. ಆಷಾಢ ಬರುವವರೆಗೆ ಬೆಟ್ಟ ಹತ್ತುವಂತಿರಲಿಲ್ಲ. ಆದರೆ ಬೆಟ್ಟದ ಪಾದದವರೆಗೆ ವಾಕಿಂಗ್ ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ನನ್ನ ಜೊತೆ ಬೆಟ್ಟಕ್ಕೆ ಬರುತ್ತಿದ್ದ ಎದುರು ಮನೆಯಾಕೆಯನ್ನು ಎಬ್ಬಿಸಿಕೊಂಡು, ಇನ್ನೂ ಮಬ್ಬುಗತ್ತಲು ಇರುವಾಗಲೇ ಪಾದದ ಹತ್ತಿರದ ಖಾಲಿ ರಸ್ತೆಗೆ ಹೋದೆ. ಅಲ್ಲಿ ನಾವಿಬ್ಬರೂ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡಿದೆವು! ಬೆಟ್ಟ ಹತ್ತದೆ ಬೆವರು ಬರಿಸಲು ಬೇರೆ ದಾರಿ ಇರಲಿಲ್ಲ. ಓಡುವುದು, ಬೆವರುವುದು, ಆಮೇಲೆ ಗಾಳಿಗೆ ಎದೆಯೊಡ್ಡಿ ನಿಲ್ಲುವುದು. ಇದು ನಮ್ಮ ಪರೀಕ್ಷೆ. ಮನೆಯಲ್ಲಿ ಇದರ ಹೆಸರು ವಾಕಿಂಗ್.

ಮೊದಲ ದಿನ ನಾನೇ ಹೆಣೆದ ಸ್ವೆಟರ್ ಹಾಕಿಕೊಂಡು ಓಡಿದೆ. ಓಡುವಾಗ ಕಂಬಳಿ ಹೊದ್ದ ಹಾಗೆ ಬೆಂದೆ. ನಿಂತಾಗ ಗಾಳಿ ಜರಡಿಯಲ್ಲಿ ಹಿಟ್ಟು ಇಳಿದ ಹಾಗೆ ಒಳಗೆ ಇಳಿಯಿತು. ಒದ್ದೆಯಾದ ಉಣ್ಣೆ ಮೈಗೆ ಅಂಟಿ ಮತ್ತಷ್ಟು ಚಳಿ.

ಮರುದಿನ ಯಜಮಾನರು ಸ್ಕೂಟರ್ ಓಡಿಸುವಾಗ ಹಾಕುವ ರೈನ್‌ಕೋಟು. ಅದರೊಳಗೆ ಚೂರೂ ಗಾಳಿ ಬರಲಿಲ್ಲ, ಒಪ್ಪಿದೆ. ಆದರೆ ಬೆವರೂ ಹೊರಗೆ ಹೋಗಲಿಲ್ಲ. ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರು ಮನೆಯಾಕೆ ಹತ್ತಿರ ಬಂದು ಕಾಲರಿನೊಳಗೆ ಇಣುಕಿದರು.

"ಏನ್ರೀ, ಬೆಂದ್ರಾ? ಮುಚ್ಚಳ ತೆಗೀಲಾ?"

"ಇನ್ನೊಂದೈದು ನಿಮಿಷ ಇರ್ರೀ, ಇಡ್ಲಿ ಹಸಿ ಇರ್ಬೋದು," ಎಂದೆ.

ಅಷ್ಟಾದರೂ ಆ ಎರಡು ಬೆಳಗಿನಲ್ಲಿ ವಿಷಯ ತಿಳಿಯಾಯಿತು. ದಪ್ಪಗಿದ್ದ ಮಾತ್ರಕ್ಕೆ ಬಟ್ಟೆ ಗಾಳಿ ತಡೆಯುವುದಿಲ್ಲ. ಗಾಳಿ ತಡೆದರೂ ಬೆವರಿಗೆ ದಾರಿ ಬಿಡದಿದ್ದರೆ ಅದೂ ಕೆಲಸಕ್ಕೆ ಬಾರದು. ಜೊತೆಗೆ ಅದು ಹಗುರ ಇರಬೇಕು, ತೆಂಗಿನಕಾಯಿ, ಹೂವು, ಅರಿಶಿನ ಕುಂಕುಮ ಇರುವ ಪೂಜೆಯ ಚೀಲದಲ್ಲಿ ಮಡಿಸಿ ಇಟ್ಟುಕೊಳ್ಳುವ ಹಾಗಿರಬೇಕು. ಬೇಕಾದಾಗ ಮಾತ್ರ ಹಾಕಿಕೊಳ್ಳಬಹುದು.

ಯಜಮಾನರನ್ನು ಕರೆದುಕೊಂಡು ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಹೋದೆ. "ಜರ್ಕಿನ್ ತೋರಿಸಿ," ಎಂದೆ.

"ಮಗನಿಗಾಮ್ಮ?"

"ನನಗೆ."

ಅಂಗಡಿಯವರು ಯಜಮಾನರ ಕಡೆ ನೋಡಿದರು. ಯಜಮಾನರು ಫ್ಯಾನಿನ ಕಡೆ ನೋಡಿದರು.

ಮೊದಲು ಬಂದದ್ದು ಒಳಗೆ ಹತ್ತಿ ತುಂಬಿದ ದಿಂಬಿನಂಥದ್ದು. "ಊಟಿಗೆ ಹೋಗೋರೆಲ್ಲ ಇದನ್ನೇ ತಗೊಳೋದು ಕಣಮ್ಮ."

"ಅವ್ರು ಕಾರಲ್ಲಿ ಕೂತ್ಕೊಂಡು ಹೋಗ್ತಾರಪ್ಪ. ನಾನು ಬರಿಗಾಲಲ್ಲಿ ಬೆಟ್ಟ ಹತ್ತೋಳು. ತೆಳ್ಳಗಿರೋದು ತೋರ್ಸಿ."

ತೆಳ್ಳಗಿನವು ನಾಲ್ಕಾರು ಬಂದವು. ಎಲ್ಲವೂ ಗಾಳಿ ತಡೆಯುತ್ತವೆ ಎಂದು ಅವರು ಆಣೆ ಮಾಡಿದರು. ಕೌಂಟರಿನ ಮೇಲೆ ಲಕ್ಷ್ಮಿಯ ಪಟದ ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು. ಅದನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. ದೇವರಿಗೆ ಹಚ್ಚಿದ್ದರ ಕಡೆ ಬಾಯಿಂದ ಊದಬಾರದಲ್ಲ, ಅದಕ್ಕೆ ಕಟ್ಟಿನಿಂದ ಬೇರೊಂದು ಕಡ್ಡಿ ಕೇಳಿ ಹಚ್ಚಿಸಿದೆ. ಯಜಮಾನರ ಕೈಯಲ್ಲಿ ಜರ್ಕಿನ್ನು ಪರದೆಯ ಹಾಗೆ ಹಿಡಿಸಿದೆ. ಅಂಗಡಿಯವರು ಆ ಕಡೆ ಊದುಬತ್ತಿ ಹಿಡಿದು ನಿಂತರು. ನಾನು ಈ ಕಡೆ ಬಟ್ಟೆಗೆ ಬಾಯಿಟ್ಟು ಊದಿದೆ.

"ಅಮ್ಮಾ, ತೂತು ಬಿದ್ರೆ ನೀವೇ ತಗೋಬೇಕಾಯ್ತದೆ!"

"ನೀವು ದೂರ ಹಿಡೀರಿ ಸ್ವಾಮಿ. ಹೊಗೆ ಬಗ್ತಾ?"

"ಬಗ್ತು."

"ಹಾಗಾದ್ರೆ ಅದು ಬೇಡ. ಮುಂದಿನ್ದು."

ಇನ್ನೊಂದರಲ್ಲೂ ಹೊಗೆ ಬಗ್ಗಿತು. ಮೂರನೆಯದು ಈರುಳ್ಳಿ ಸಿಪ್ಪೆಯಷ್ಟು ತೆಳು, ಆದರೆ ನಾನು ಕೆನ್ನೆ ಉಬ್ಬಿಸಿ ಊದಿದರೂ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಬೆನ್ನಿನ ಮೇಲೊಂದು ಮಡಿಕೆ, ಅದರ ಕೆಳಗೆ ಬೆವರು ಆರಲು ಬಲೆಯಂಥ ಬಟ್ಟೆ. ಕತ್ತಿನವರೆಗೆ ಜಿಪ್ಪು, ಸೆಕೆಯಾದರೆ ಇಳಿಸಿಕೊಳ್ಳಬಹುದು. ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಬೇರೊಬ್ಬರು ತಾವು ಆರಿಸಿಕೊಂಡಿದ್ದನ್ನೂ ಹಿಡಿದುಕೊಂಡು ನನ್ನ ಮುಂದೆ ನಿಂತರು: "ಇದ್ನೂ ಒಂಚೂರು ಊದ್ಬಿಡಿ ಮೇಡಂ."

ಬಣ್ಣ ಎರಡೇ ಇತ್ತು, ಕಪ್ಪು ಮತ್ತು ಗಿಳಿ ಹಸಿರು. ಶುಕ್ರವಾರ ಅಮ್ಮನವರ ಮುಂದೆ ಕಪ್ಪು ಹಾಕಿಕೊಂಡು ನಿಲ್ಲುವುದುಂಟೆ? ಹಸಿರನ್ನೇ ಸೀರೆಯ ಮೇಲೆ ತೊಟ್ಟು ನೋಡಿದೆ. ಸೆರಗನ್ನು ಒಳಗೆ ತುರುಕಿಕೊಂಡೆ. ಕೆಳಗಿನ ಎಲಾಸ್ಟಿಕ್ ಸೊಂಟ ಹಿಡಿದು ಸೆರಗೆಲ್ಲ ಮುಂದೆ ಬಂದು ಕೂತಿತು.

ಯಜಮಾನರು ಮೆಲ್ಲಗೆ, "ಆರು ತಿಂಗಳ ಬಸುರಿ ಥರ ಕಾಣ್ತೀಯ ಕಣೇ. ಈ ವಯಸ್ಸಲ್ಲಿ ನೋಡ್ದೋರು ಏನಂದ್ಕೋತಾರೆ?" ಎಂದರು.

"ಅಮ್ಮನವ್ರ ದಯೆ ಅಂದ್ಕೋತಾರೆ. ಬನ್ನಿ."

ಮಡಿಸಿದರೆ ಅದು ಒಂದು ತೆಂಗಿನಕಾಯಿಯ ಗಾತ್ರ. ಚೀಲದಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಮೊದಲ ಶುಕ್ರವಾರಕ್ಕೆ ಒಂದೇ ದಿನ ಉಳಿದಿತ್ತು. ಇನ್ನು ನನ್ನನ್ನು ತಡೆಯುವವರಿಲ್ಲ ಎಂದುಕೊಂಡೆ.

ನಮ್ಮ ಮನೆಯಲ್ಲಿ ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ದೇವಸ್ಥಾನಕ್ಕೆ ಉಡುವ ಪದ್ಧತಿ ಇರಲಿಲ್ಲ. ನಾಲ್ಕು ಜನ ಮುಟ್ಟಿ, ತೊಟ್ಟು ಬಿಟ್ಟ ಬಟ್ಟೆ ಮಡಿಯಾಗುವುದು ಹೇಗೆ? ಗುರುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಅತ್ತೆಯವರು ಜರ್ಕಿನ್ನನ್ನು ತಾವೇ ಬಚ್ಚಲಿಗೆ ಒಯ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಯ್ದರು. ಅಲ್ಲಿ ಅವರ ನೂಲಿನ ಸೀರೆಗಳಿಗೆಂದು ಅನ್ನದ ಗಂಜಿ ಕದಡಿಟ್ಟ ಬಕೆಟ್ಟಿತ್ತು. ಅತ್ತೆಯವರು ಗಂಜಿ ಹಾಕದೆ ಬಿಡುತ್ತಿದ್ದುದು ಕಾಲೊರೆಸುವ ಬಟ್ಟೆಗೆ ಮಾತ್ರ.

ಸಂಜೆ ಎದುರು ಮನೆಯಾಕೆ ಹಿತ್ತಲ ಗೇಟಿನಿಂದ ಕೂಗಿದರು: "ಯಾರ್ರೀ ಅದು, ತಂತಿ ಹತ್ರ ಕೈ ಚಾಚ್ಕೊಂಡು ನಿಂತಿರೋದು?"

ಓಡಿ ಹೋಗಿ ನೋಡಿದೆ. ಜರ್ಕಿನ್ ಎರಡೂ ತೋಳು ಚಾಚಿ, ಎದೆಯುಬ್ಬಿಸಿ ನಿಂತಿತ್ತು. ಮುಟ್ಟಿದರೆ ಹಪ್ಪಳದ ಸದ್ದು.

"ಏನತ್ತೆ ಇದು, ಇದಕ್ಕೂ ಗಂಜಿ ಹಾಕ್ಬುಟ್ರಾ?"

"ಮತ್ತೆ? ಬೆಳಿಗ್ಗೆ ತೆಗ್ದಾಗ ಹಳೇ ಕೊಡೆ ಥರ ಜೋತು ಬಿದ್ದಿತ್ತು. ಈಗ ನೋಡು, ಬಟ್ಟೆ ಅನ್ನಿಸ್ಕೊಂತು."

ಮತ್ತೆ ಒಗೆದರೆ ಆಷಾಢದ ಆ ಮೋಡದಲ್ಲಿ ಬೆಳಗಿನ ಹೊತ್ತಿಗೆ ಒಣಗುವುದು ಅನುಮಾನ. ಒದ್ದೆ ಬಟ್ಟೆ ಹಾಕಿಕೊಂಡು ಹೋದರೆ ಕೆಮ್ಮನ್ನು ನಾನೇ ಕರೆದ ಹಾಗೆ. ಮಡಿಸಲು ಹೋದರೆ ಅದು ಮಡಿಸಿಕೊಳ್ಳದು. ಚೀಲಕ್ಕೆ ಹೋಗದಿದ್ದ ಮೇಲೆ ಮನೆಯಿಂದಲೇ ತೊಟ್ಟು ಹೊರಡದೆ ವಿಧಿ ಇಲ್ಲ.

ಶುಕ್ರವಾರ ನಸುಕಿನಲ್ಲಿ ಇಬ್ಬರೂ ಹೊರಟೆವು. ನಾನು ಕೈ ಬೀಸಿದಾಗಲೆಲ್ಲ ಚರಪರ ಎಂದು ಸದ್ದು. ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. "ಮೆಲ್ಲಗೆ ಉಸಿರಾಡ್ರೀ, ಇಡೀ ಕೃಷ್ಣಮೂರ್ತಿಪುರಂ ಎದ್ದುಬುಡುತ್ತೆ," ಎಂದರು ಎದುರು ಮನೆಯಾಕೆ.

ಮೊದಲ ಶುಕ್ರವಾರವಾದ್ದರಿಂದ ಮೆಟ್ಟಿಲ ತುಂಬ ಹೆಂಗಸರು. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಮೇಲೇರುತ್ತಾರೆ. ನಾನೂ ಹಚ್ಚುತ್ತ ಹೊರಟೆ. ಅರ್ಧ ದಾರಿಗೆ ತುಂತುರು ಶುರುವಾಯಿತು, ಗಾಳಿ ಎದ್ದಿತು. ತುಂತುರು ಬಿದ್ದು ಮೈಮೇಲಿನ ಗಂಜಿಯೆಲ್ಲ ಕರಗಿ ಅಂಟಾಯಿತು. ಗಾಳಿಗೆ ಮೇಲಿನ ಮೆಟ್ಟಿಲುಗಳಿಂದ, ಹೆಂಗಸರ ಬಟ್ಟಲುಗಳಿಂದ ಕುಂಕುಮ ಹಾರಿ ಹಾರಿ ಬಂದು ನನಗೇ ಮೆತ್ತಿಕೊಂಡಿತು. ಬೇರೆಯವರು ಸೆರಗು ಕೊಡವಿದರೆ ಉದುರುತ್ತಿತ್ತು. ನಾನು ಕೊಡವಿದರೆ ಇನ್ನಷ್ಟು ಹರಡುತ್ತಿತ್ತು. ಮೇಲೆ ತಲುಪುವ ಹೊತ್ತಿಗೆ ಗಿಳಿ ಹಸಿರು ಹುಡುಕಿದರೂ ಸಿಗದಷ್ಟು ಕೆಂಪು ಹಳದಿಯಾಗಿದ್ದೆ.

ಸರತಿಯಲ್ಲಿ ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ನನ್ನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅಲ್ಲಿಂದಲೇ ಒಂದು ಬೆರಳು ಕುಂಕುಮ ತೆಗೆದು ಹಣೆಗೆ ಇಟ್ಟುಕೊಂಡರು. ಅವರನ್ನು ನೋಡಿ ಅವರ ಹಿಂದಿನವರೂ ಕೈ ಚಾಚಿದರು.

"ಇದು ಎಲ್ಲಿ ಕೊಡ್ತಾರವ್ವ, ಗುಡಿ ಒಳಗಾ?" ಎಂದು ಅಜ್ಜಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯಾಕೆ ಬಲು ಗಂಭೀರವಾಗಿ ಹೇಳಿದರು: "ಎಲ್ಲರ್ಗೂ ಸಿಗಲ್ಲ ಅಜ್ಜಿ. ಇವ್ರ ಅತ್ತೆ ಕೈಯಾರೆ ಮಾಡಿಕೊಟ್ಟಿದ್ದು."

ನಗು ತಡೆಯಲು ನಾನು ಗೋಪುರವನ್ನೇ ನೋಡುತ್ತ ನಿಂತೆ. ಸುತ್ತ ಹೆಂಗಸರೆಲ್ಲ ಸೆರಗು ಹೊದ್ದು ನಡುಗುತ್ತಿದ್ದರು. ನನ್ನೆದೆಗೆ ಗಾಳಿಯ ಸುಳಿವೂ ಇರಲಿಲ್ಲ. ಜಿಪ್ಪು ಒಂದಿಷ್ಟು ಇಳಿಸಿದ್ದರಿಂದ ಬೆವರೂ ಆರಿತ್ತು. ಅಮ್ಮನವರ ಮುಂದೆ ಕೈ ಮುಗಿದು ಕೇಳಿದ್ದು ಇಷ್ಟೇ: ಇವತ್ತೊಂದು ದಿನ ಗಂಟಲು ಕಾಪಾಡು ತಾಯಿ.

ಮನೆಗೆ ಬಂದಾಗ ಅತ್ತೆಯವರು ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ನಾನು ತರಕಾರಿ ಹೆಚ್ಚಿದೆ, ಬೇಳೆ ಬೇಯಿಸಿದೆ. ಅವರು ಕಿವಿ ಕೊಟ್ಟೇ ಇದ್ದರು. ಆಮೇಲೆ ಮೆತ್ತಗೆ ಹೇಳಿದರು: "ಇವತ್ತು ಒಗ್ಗರಣೆಗೆ ಬ್ಯಾಡಗಿ ಬೇಡ. ಗುಂಟೂರು ಮೆಣಸಿನ್ಕಾಯೇ ಹಾಕು, ಒಂದ್ನಾಲ್ಕು ಜಾಸ್ತಿ."

ಹುನ್ನಾರ ಅರ್ಥವಾಯಿತು. ಎಣ್ಣೆ ಕಾಯಿಸಿ, ಮೆಣಸಿನಕಾಯಿ ಹಾಕಿ, ಉಸಿರು ಹಿಡಿದು ಹಿತ್ತಲಿಗೆ ಓಡಿದೆ. ಬಾಗಿಲಲ್ಲಿ ಕೂತಿದ್ದವರಿಗೆ ಏಳಲು ಮಂಡಿ ಬಿಡಬೇಕಲ್ಲ! ಇಡೀ ಮನೆಗೆ ಕೇಳುವಂತೆ ಅತ್ತೆಯವರೇ ಕೆಮ್ಮಿದರು. ಯಜಮಾನರು ಒಳಗಿನಿಂದ ಕೇಳಿದರು: "ಅಮ್ಮಾ, ನೀನೇನು ಬೆಟ್ಟಕ್ಕೆ ಹೋಗಿದ್ಯಾ?"

ಸಂಜೆಯವರೆಗೂ ನನ್ನ ಗಂಟಲು ಸುಮ್ಮನಿತ್ತು. ಆ ಧೈರ್ಯದಲ್ಲಿ ಜರ್ಕಿನ್ ಒಗೆಯಲು ಬಕೆಟ್ಟಿಗೆ ನೀರು ಬಿಟ್ಟೆ. ಅತ್ತೆಯವರು ಬಂದು ಅದನ್ನು ಕಸಿದುಕೊಂಡರು.

"ಬುದ್ಧಿ ಇದ್ಯೇನೇ ನಿಂಗೆ? ಮೆಟ್ಲು ಮೆಟ್ಲಿನ ಕುಂಕುಮ ಅಂಟಿರೋ ಬಟ್ಟೆ ಇದು. ಇದನ್ನ ಒಗ್ದು ಬಚ್ಚಲಿಗೆ ಬಿಡ್ತಾರಾ? ಗಾಳಿ ತಡೀತಲ್ಲ, ಅದು ಬಟ್ಟೆ ಅಂದ್ಕೊಂಡ್ಯಾ? ಅಮ್ಮನವ್ರು ಕಣೇ!"

"ಹಾಗಾದ್ರೆ ಏನ್ಮಾಡ್ಲಿ ಅತ್ತೆ? ದೇವರ ಮನೇಲಿ ಇಡ್ಲಾ?" ಎಂದೆ. ಕೇಳಬಾರದಿತ್ತು. ಹೂಂ ಎಂದುಬಿಟ್ಟರೆ ಮುಂದಿನ ವಾರಕ್ಕೆ ನನ್ನ ಬಳಿ ಜರ್ಕಿನ್ನೇ ಇಲ್ಲ.

ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ದೇವರ ಮನೇಲಿಟ್ರೆ ಅಮ್ಮನವ್ರಿಗೆ ಚಳೀನಾ? ಮುಂದಿನ್ವಾರ ಹೀಗೇ ಹಾಕ್ಕೊಂಡು ಹೋಗು. ನೀರು ಮುಟ್ಟಿಸ್ಬೇಡ, ಗಂಜೀನೂ ಬೇಡ."

ಬಸ್ಸಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಮುಂದಿನ ಶುಕ್ರವಾರ ನಾನು ಹೊರಡುವಾಗ ಅತ್ತೆಯವರು ಎದ್ದು ಬಂದು ಜಿಪ್ಪನ್ನು ಗಲ್ಲದವರೆಗೂ ಎಳೆದರು. ಚರ್ಮವೂ ಸೇರಿ ಸಿಕ್ಕಿಕೊಂಡಿತು. ನಾನು ತುಟಿ ಕಚ್ಚಿಕೊಂಡು ನಿಂತೆ. ಆಮೇಲೆ ನನ್ನ ಕೈಗೆ ಒಂದು ಪೊಟ್ಟಣ ಅರಿಶಿನ ತುರುಕಿ, "ನನ್ನ ಮಂಡಿ ಪರವಾಗಿ ಒಂದ್ನಾಲ್ಕು ಮೆಟ್ಲಿಗೆ ಹಚ್ಚು," ಎಂದು ಬಾಗಿಲು ತೆರೆದರು.