ಇನ್ನೂರು ಬಿಲ್ಲೆ, ಹದಿಮೂರು ಬೀಜ

ಒಂದು ಇಂಚಿನ ವೃತ್ತದಷ್ಟು ಹಠಮಾರಿಯಾದ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲವೆಂಬುದು ನನಗೆ ತಿಳಿದದ್ದು ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿ ನಿವೃತ್ತಳಾದ ಮೇಲೆ. ದೊಡ್ಡ ಹಾಳೆಯಲ್ಲಿ ಗೆರೆಯೊಂದು ಸೊಟ್ಟಗಾದರೆ ಅದನ್ನು ಮರದ ಕೊಂಬೆಯಾಗಿಸಿ, ಕೊಂಬೆ ಅತಿಯಾಗಿ ಉದ್ದವಾದರೆ ಅದರ ಮೇಲೊಂದು ಹಕ್ಕಿಯನ್ನು ಕೂರಿಸಿ ಮಾನ ಉಳಿಸಿಕೊಳ್ಳಬಹುದು. ಒಂದು ಇಂಚಿನಲ್ಲಿ ತಪ್ಪಿಗೆ ಅಡಗಲು ಜಾಗವೇ ಇಲ್ಲ. ಕೆಲವು ವಾರ ನನ್ನ ಕಣ್ಣು ಈ ಅಳತೆಯನ್ನೇ ಹುಡುಕಿಕೊಂಡು ಅಲೆಯಿತು. ಔಷಧದ ಬಾಟಲಿಯ ಮುಚ್ಚಳ, ಪಕ್ಕದ ಮನೆಯವರ ಹಣೆಯ ಕುಂಕುಮ, ತಾಟಿನಂಚಿಗೆ ಉಳಿದ ಗಜ್ಜರಿಯ ಹೋಳು, ಎಲ್ಲಕ್ಕೂ ಮನಸ್ಸಿನಲ್ಲೇ ಕೈವಾರ ಇಟ್ಟು ನೋಡುತ್ತಿದ್ದೆ. ಊಟಕ್ಕೆ ಕೂತರೆ ನಡುವೆ ಎದ್ದು ಹೋಗಿ ಗೆರೆ ಎಳೆಯುವುದು, ಗೆರೆ ಎಳೆಯಲು ಕೂತರೆ ನಡುವೆ ಎದ್ದು ಹೋಗಿ ಚಹಾ ಇಡುವುದು, ಇಟ್ಟ ಚಹಾ ಉಕ್ಕಿ ಒಲೆ ಆರಿದ ಮೇಲೆ ಮತ್ತೆ ಕೈವಾರ ಹುಡುಕುವುದು. ದಿನಕ್ಕೆ ಇಷ್ಟು ನಡಿಗೆ ಸಾಕು, ವೈದ್ಯರು ಹೇಳಿದ್ದಕ್ಕಿಂತ ಹೆಚ್ಚಾಯಿತು ಎಂದು ನನ್ನ ಯಜಮಾನರು ಪತ್ರಿಕೆಯ ಹಿಂದಿನಿಂದಲೇ ತೀರ್ಪು ಕೊಟ್ಟರು.

ಆ ವೃತ್ತದ ಮೂಲವನ್ನು ನಿಮಗೆ ಹೇಳಬೇಕಾದರೆ ನಮ್ಮ ರವಿವಾರದ ಸಂಗತಿ ಹೇಳಬೇಕು. ವಿಜಯಪುರದ ಒಂದೇ ಶಾಲೆಯಲ್ಲಿ ದುಡಿದು ನಿವೃತ್ತರಾದ ನಾವು ಐದು ಜನ ಹೆಂಗಸರು ರವಿವಾರ ಮಧ್ಯಾಹ್ನ ನನ್ನ ಮನೆಯ ಪಡಸಾಲೆಯಲ್ಲಿ ಕೂಡಿ ರಮ್ಮಿ ಆಡುತ್ತೇವೆ. ದುಡ್ಡು ಕಟ್ಟಿ ಆಡುವುದು ನನ್ನ ಧರ್ಮಕ್ಕೂ ಒಗ್ಗದು, ಪಿಂಚಣಿಗೂ ಒಗ್ಗದು. ಹಾಗಾಗಿ ಪಣಕ್ಕೆ ಹುಣಸೆ ಬೀಜ. ಹೊಲಿಗೆ ಕಲಿಸುತ್ತಿದ್ದ ಗಂಗಕ್ಕ ಅವುಗಳಿಗೆಂದೇ ದಾರವೆಳೆದರೆ ಬಾಯಿ ಮುಚ್ಚುವ ಒಂದು ಚೀಲ ಹೊಲಿದು ಕೊಟ್ಟಿದ್ದಳು. ಅದು ನನ್ನ ಅಡುಗೆಮನೆಯ ಗೋಡೆಯ ಮಾಡದಲ್ಲಿರುತ್ತದೆ. ಒಟ್ಟು ಇನ್ನೂರು ಬೀಜ, ತಲೆಗೆ ನಲವತ್ತು. ನಾವು ನಾಲ್ವರು ನಮ್ಮ ನಮ್ಮ ನಲವತ್ತನ್ನು ಎಣಿಸಿಕೊಂಡಿರುವಾಗ ಗಂಗಕ್ಕ ಬಬಲೇಶ್ವರದ ಬಸ್ಸಿಳಿದು ಏದುಸಿರು ಬಿಡುತ್ತ ಬರುತ್ತಾಳೆ, ಚೀಲದ ತಳದಲ್ಲಿ ಉಳಿದದ್ದನ್ನು ಎಣಿಸದೆ ಮುಂದೆ ಸುರುವಿಕೊಳ್ಳುತ್ತಾಳೆ. ಉಳಿದದ್ದು ನಲವತ್ತೇ ಅಲ್ಲವೇ, ಎಣಿಸುವುದೇಕೆ? ಆಟ ಮುಗಿದ ಮೇಲೆ ಇನ್ನೂರನ್ನೂ ಎಣಿಸಿ ಚೀಲಕ್ಕೆ ಹಾಕುವುದು ನನ್ನ ಚಟ. ಪ್ರವಾಸಕ್ಕೆ ಒಯ್ದ ಮಕ್ಕಳನ್ನು ಬಸ್ಸು ಹತ್ತಿಸುವಾಗ ಎಣಿಸಿ ಎಣಿಸಿ ಅಂಟಿಕೊಂಡದ್ದು, ಇನ್ನೂ ಬಿಟ್ಟಿಲ್ಲ.

ಒಂದು ರವಿವಾರ ಗಂಗಕ್ಕ ಭರ್ಜರಿಯಾಗಿ ಗೆದ್ದಳು. ನಾನು ಸಾಲದ್ದಕ್ಕೆ ಭರ್ಜರಿಯಾಗಿ ಸೋತಿದ್ದೆ. ಕೊನೆಗೆ ಎಣಿಸಿದರೆ ಇನ್ನೂರಾ ಹದಿಮೂರು.

"ಗಂಗಕ್ಕ, ಬರೂವಾಗ ಮನಿಯಿಂದ ಬೀಜ ತಂದೀರೇನ್ರಿ?" ಎಂದುಬಿಟ್ಟೆ. ನಗುತ್ತಲೇ ಅಂದೆನೆಂದು ಎಷ್ಟೋ ದಿನ ನನಗೆ ನಾನೇ ಸಾಕ್ಷಿ ಹೇಳಿಕೊಂಡೆ. ಸೋತವಳ ನಗು ಎಷ್ಟು ಶುದ್ಧವಾಗಿರುತ್ತದೆಂದು ನಿಮಗೆ ಗೊತ್ತಿದೆ.

"ಇಲ್ರಿ ಟೀಚರ್, ನಾ ಏನೂ ತಂದಿಲ್ಲ" ಎಂದಳು ಗಂಗಕ್ಕ. ನಾನು ಮತ್ತೊಮ್ಮೆ ಎಣಿಸಿದೆ. ಇನ್ನೂರಾ ಹದಿಮೂರೇ. ಹೆಚ್ಚಿನದನ್ನು ಯಾರೂ ಬೇರೆ ಮಾಡಲಿಲ್ಲ. ಎಲ್ಲವನ್ನೂ ಚೀಲಕ್ಕೆ ಸುರಿದು ದಾರ ಎಳೆದೆ. ಅವಳು ಚಹಾ ಪೂರ್ತಿ ಕುಡಿದಳು, ಕಪ್ಪು ತೊಳೆದಿಟ್ಟಳು, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನು ಮಾಡಿದರೆ ಮನೆಯಲ್ಲಿ ಕೆಲಸವಿದೆಯೆಂಬ ಸೌಮ್ಯವಾದ ಉತ್ತರ.

ಆಗ ಪರಿಹಾರ ಹೊತ್ತು ತಂದವಳು ಸರೋಜ. ಟಿಕೋಟಾದವಳು, ಆಟೋಟದ ಶಿಕ್ಷಕಿಯಾಗಿದ್ದವಳು. ಯಾವ ಜಗಳವನ್ನಾದರೂ ಸೀಟಿ ಊದಿ ನಿಲ್ಲಿಸಬಹುದೆಂಬ ನಂಬಿಕೆ ಅವಳಿಗೆ ಈಗಲೂ ಇದೆ. ಒಣದ್ರಾಕ್ಷಿ ವ್ಯಾಪಾರ ಮಾಡುವ ಅವಳ ತಮ್ಮನಿಗೆ ಯಾರೋ ಪೋಕರ್ ಆಟದ ಪೆಟ್ಟಿಗೆಯೊಂದನ್ನು ಉಡುಗೊರೆ ಕೊಟ್ಟಿದ್ದರಂತೆ. ಒಳಗೆ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳು, ಸರಿಯಾಗಿ ಇನ್ನೂರು, ಅಂಗೈಯಲ್ಲಿಟ್ಟರೆ ಹಿತವಾದ ಭಾರ, ಒಂದರ ಮೇಲೊಂದು ಬಿದ್ದರೆ ಟಕ್ಕೆಂಬ ಶ್ರೀಮಂತ ಸದ್ದು. ಪ್ರತಿಯೊಂದರ ನಡುವೆಯೂ ಒಂದು ಇಂಚಿನ ಬಿಳಿಯ ಖಾಲಿ ಜಾಗ. ಕೊಂಡವರು ತಮಗೆ ಬೇಕಾದ ಲೇಬಲ್ ಮಾಡಿಸಿ ಅಂಟಿಸಿಕೊಳ್ಳಲಿ ಎಂದು ಬಿಟ್ಟದ್ದು.

"ಇವಕ್ಕ ನೀವ ಒಂದ ಚಿತ್ರ ತಗೀರಿ ಟೀಚರ್" ಎಂದಳು ಸರೋಜ. "ಹುಣಸಿಬೀಜ ಎಲ್ಲಾರ ಮನ್ಯಾಗೂ ಸಿಗತಾವ. ನಿಮ್ಮ ಚಿತ್ರ ಯಾರ ಹಿತ್ತಲದಾಗೂ ಬೆಳೆಯಂಗಿಲ್ಲ."

ಈ ಮಾತಿನಲ್ಲಿ ಗಂಗಕ್ಕನ ಮೇಲಿನ ಆರೋಪ ಹಾಗೇ ಉಳಿದಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ಹೊಗಳಿಕೆ ಮಾತ್ರ. ಒಂದು ಚೆಂದದ ಲೇಬಲ್ ಮಾಡಿ ತೋರಿಸಿದರೆ ಅವಳು ತಾನಾಗಿಯೇ ಬಂದಾಳು, ನಾನು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿ ಬರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದೆ. ಬಾಯಿಯ ಕೆಲಸವನ್ನು ಕೈಗೆ ವಹಿಸಿದ್ದರಿಂದಲೇ ಆ ಚಡಪಡಿಕೆ ಇರಬೇಕು.

ಮೊದಲು ಹೊಳೆದದ್ದು, ಈ ಊರಿನ ಯಾವ ಚಿತ್ರಗಾರರಿಗಾದರೂ ಹೊಳೆಯುವಂತೆ, ಗೋಲಗುಮ್ಮಟ. ಬರೆದೂ ಆಯಿತು. ಆಮೇಲೆ, ಮಲಗಿದವರ ಗೋರಿಯನ್ನು ಇಸ್ಪೀಟಿನ ಪಣಕ್ಕೆ ಇಡುವುದೇ ಎಂದು ಅಂಜಿ ಅಳಿಸಿದೆ. ಟಿಕೋಟಾದ ಮರ್ಯಾದೆಗೆ ದ್ರಾಕ್ಷಿಯ ಗೊಂಚಲು ಬರೆದೆ. ಒಂದು ಇಂಚಿನಲ್ಲಿ ಅದು ಕಪ್ಪೆಯ ಮೊಟ್ಟೆಗಳಂತೆ ಕಂಡಿತು. ಜೋಳದ ತೆನೆ ಬೀಜದ ಕಂಪನಿಯ ಜಾಹೀರಾತಾಯಿತು. ನವಿಲಿನ ಬಾಲಕ್ಕೆ ಜಾಗ ಸಾಲಲಿಲ್ಲ, ಬಾಲ ತೆಗೆದರೆ ಕೋಳಿಯಾಯಿತು. ಕೊನೆಗೆ ಹಳೆಯ ಕಟ್ಟಡಗಳ ಕಲ್ಲಿನ ಜಾಲರಿಗಳನ್ನು ನೆನೆದು ಹತ್ತು ಮೂಲೆಯ ನಕ್ಷತ್ರವೊಂದನ್ನು ಹೆಣೆದೆ. ಅದು ಕೂತಿತು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆಯಾಗಿರುತ್ತಿತ್ತು. ಆದರೆ ಚಿತ್ರ ಒಲಿದ ಉತ್ಸಾಹದಲ್ಲಿ ನನ್ನೊಳಗೆ ಟಂಕಸಾಲೆಯ ಅಧಿಕಾರಿಯೊಬ್ಬಳು ಎಚ್ಚರಗೊಂಡಳು. ನೋಟಿನಲ್ಲಿ ಇರುವಂತೆ ಕೂದಲೆಳೆಯ ಗೆರೆಗಳು ಬಂದವು. ಎರಡು ಮೂಲೆಗಳ ನಡುವೆ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ನನ್ನ ಹೆಸರಿನ ಮೊದಲಕ್ಷರ ಬಂತು. ಇನ್ನು ಯಾರು ನಕಲು ಮಾಡುತ್ತಾರೋ ಮಾಡಲಿ ಎಂದು ಹೆಮ್ಮೆಪಟ್ಟೆ.

ಮುದ್ರಿಸಲು ಹೋದದ್ದು ಬಸ್ ನಿಲ್ದಾಣದ ಬಳಿಯ ರೇಡಿಯಂ ಅಂಗಡಿಗೆ. ಬೈಕುಗಳ ನಂಬರು, ಟ್ರ್ಯಾಕ್ಟರಿನ ಹಿಂದಿನ ಬರಹ, ಒಣದ್ರಾಕ್ಷಿ ಡಬ್ಬಿಯ ಲೇಬಲ್ಲು ಎಲ್ಲ ಅಲ್ಲೇ ಕತ್ತರಿಸಿಕೊಡುತ್ತಾರೆ. ಅಂಗಡಿಯವರು ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಇದ ಯಾವ ಮಾಲಿಗ್ರಿ ಟೀಚರ್? ಇಷ್ಟ ಸಣ್ಣ ಅಕ್ಷರ ಯಾರ ಓದತಾರ್ರಿ?" ಎಂದು ಕೇಳಿದರು. ಇಸ್ಪೀಟಿಗೆಂದು ಹೇಳಲು ನಾಲಿಗೆ ಬಾರದೆ, ಶಾಲೆಯ ಮಕ್ಕಳ ಬ್ಯಾಡ್ಜಿಗೆ ಎಂದೆ. ಮನೆಗೆ ತಂದು ಎರಡು ದಿನ ಕೂತು ಇನ್ನೂರನ್ನೂ ಉಗುರಿನಿಂದ ಒತ್ತಿ ಅಂಟಿಸಿದೆ. ಬಿಲ್ಲೆಗಳನ್ನು ಗಂಗಕ್ಕನ ಚೀಲಕ್ಕೇ ಹಾಕಬೇಕೆಂದು ಹಳೆಯ ಬೀಜಗಳನ್ನು ತಾಟಿಗೆ ಸುರಿದೆ.

ಎರಡು ವರ್ಷ ಐದು ಜನರ ಬೆರಳಾಡಿ ಆ ಬೀಜಗಳು ಕೋಟಿನ ಗುಂಡಿಗಳಂತೆ ಮಿರುಗುತ್ತಿದ್ದವು. ಅವುಗಳ ನಡುವೆ ಕೆಲವು ಮಾತ್ರ ಮಂಕಾಗಿದ್ದವು. ಒಂದನ್ನು ಎತ್ತಿದರೆ ಬೆರಳಿಗೆ ಅಂಟಿತು, ಪಕ್ಕದಲ್ಲಿ ಹಣ್ಣಿನ ನಾರು ಇನ್ನೂ ಇತ್ತು. ಬೇರೆ ಮಾಡಿ ಎಣಿಸಿದೆ. ಹದಿಮೂರು.

ಥಟ್ಟನೆ ನೆನಪಾಯಿತು. ಆ ರವಿವಾರದ ಹಿಂದಿನ ದಿನ ವರ್ಷದ ಹುಣಸೆಹಣ್ಣು ಬಿಡಿಸಲು ಕೂತಿದ್ದೆ. ದುಂಡಗಿನ ಒಳ್ಳೆಯ ಬೀಜ ಕಂಡಾಗಲೆಲ್ಲ ಎಸೆಯಲು ಮನಸ್ಸಾಗದೆ, ಆಟಕ್ಕೆ ಬಂದೀತೆಂದು, ತಲೆಯ ಮೇಲಿನ ಮಾಡಕ್ಕೆ ಕೈ ಚಾಚಿ ಚೀಲದೊಳಗೆ ಹಾಕಿದ್ದೆ. ಅಡುಗೆಮನೆಯಲ್ಲಿ ಕೈ ಮಾಡುವ ಕೆಲಸವನ್ನು ತಲೆ ಬರೆದಿಟ್ಟುಕೊಳ್ಳುವುದಿಲ್ಲ. ನಾವು ನಾಲ್ವರು ನಲವತ್ತು ನಲವತ್ತು ತೆಗೆದುಕೊಂಡಿದ್ದೆವು. ಹೆಚ್ಚಿನ ಹದಿಮೂರೂ ಎಣಿಸದೆ ಸುರುವಿಕೊಂಡವಳ ಪಾಲಿಗೆ ಹೋಗಿದ್ದವು. ಕಳ್ಳಬೀಜ ಚಲಾವಣೆಗೆ ಬಿಟ್ಟವಳು ಟಂಕಸಾಲೆಯ ಅಧಿಕಾರಿಯೇ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮೂವತ್ತು ವರ್ಷದ ಗೆಳತಿ ಇನ್ನು ನನ್ನ ಹೊಸ್ತಿಲು ತುಳಿಯದಿದ್ದರೆ ತಪ್ಪು ಅವಳದಲ್ಲವಲ್ಲ.

ಮರುದಿನ ಚೀಲಕ್ಕೆ ಬಿಲ್ಲೆಗಳನ್ನು ತುಂಬಿ, ಕರವಸ್ತ್ರದಲ್ಲಿ ಹದಿಮೂರು ಬೀಜ ಕಟ್ಟಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿದೆ, ಕೆಡವಿದೆ. ನಡುದಾರಿಯ ಸಾರವಾಡ ಬರುವಷ್ಟರಲ್ಲಿ ಧೈರ್ಯ ಖಾಲಿಯಾಗಿ ಅಲ್ಲೇ ಇಳಿದುಬಿಟ್ಟೆ. ಬೇಡವಾದ ಚಹಾ ಕುಡಿದೆ, ತಿರುಗಿ ಊರಿಗೆ ಹೋಗುವ ಬಸ್ಸು ನಿಂತಾಗ ಒಂದು ಕಾಲು ಮೆಟ್ಟಿಲ ಮೇಲೂ ಇಟ್ಟೆ. ಕಂಡಕ್ಟರರು ಹತ್ತುತ್ತೀರೋ ಇಲ್ಲವೋ ಎಂದು ಕೇಳಿದ್ದಕ್ಕೆ ಕಾಲು ತೆಗೆದು, ಬಬಲೇಶ್ವರದ ಮುಂದಿನ ಬಸ್ಸು ಹಿಡಿದೆ.

ಗಂಗಕ್ಕ ಕಟ್ಟೆಯ ಮೇಲೆ ಹಳೆಯ ಸೀರೆಗಳನ್ನು ಹಾಸಿಕೊಂಡು ಕೌದಿ ಹೊಲಿಯುತ್ತಿದ್ದಳು. "ಬರ್ರಿ ಟೀಚರ್. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ" ಎಂದಳು. ಕಟ್ಟಿದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಕೌದಿಯ ಮೇಲಿಟ್ಟೆ.

"ಗಂಗಕ್ಕ, ಇವನ್ನ ನಾನ ಹಾಕಿದ್ದೆ. ಮರತಿದ್ದೆ."

"ಗೊತ್ತೈತ್ರಿ" ಎಂದಳು, ಸೂಜಿ ನಿಲ್ಲಿಸದೆ. "ಅವತ್ತ ಕೈಗೆ ಅಂಟಾಕತ್ತಿದ್ದುವು. ನಿಮ್ಮ ಮಾಳಿಗಿ ಮ್ಯಾಲೆ ಹುಣಸಿಹಣ್ಣ ಹಾಕಿದ್ದೂ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ನೀವು ನಾಕ ಮಂದ್ಯಾಗ ಕೇಳಿದ್ರಿ. ನಾನೂ ನಾಕ ಮಂದ್ಯಾಗ ಹೇಳಿದ್ರ ನೀವು ಮಾರಿ ಎಲ್ಲಿ ಇಟ್ಕೊಂತಿದ್ರಿ?" ದಾರ ಮುಗಿದಿತ್ತು, ಸೂಜಿಯನ್ನು ನನ್ನ ಕೈಗೆ ಕೊಟ್ಟಳು. "ಕೇಳಿದ್ದಕ್ಕ ಸಿಟ್ಟಿಲ್ರಿ. ಇಲ್ಲ ಅಂದ ಮ್ಯಾಲೂ ಮತ್ತೊಮ್ಮೆ ಎಣಿಸಿದ್ರಲ್ಲ, ಅದು ಚುಚ್ಚಿತು."

ಮೂರು ಸಲ ಪ್ರಯತ್ನಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಅಷ್ಟರಲ್ಲಿ ಅವಳು ಚೀಲದಿಂದ ಬಿಲ್ಲೆಯೊಂದನ್ನು ತೆಗೆದು ಬೆಳಕಿಗೆ ಹಿಡಿದಳು. ಚಂದ ಆಗಿದೆ ಎಂದಳು. ಹೊಲಿಗೆಯವಳ ಕಣ್ಣು, ಒಂದೇ ನೋಟಕ್ಕೆ ಆ ಸಣ್ಣ ಅಕ್ಷರವನ್ನು ಹಿಡಿಯಿತು.

"ಇಲ್ಲಿ ಸಣ್ಣಾಗಿ ಏನೈತ್ರಿ?"

"ಗುರ್ತು. ಬ್ಯಾರೆ ಯಾರೂ ಮಾಡಬಾರದಂತ."

"ಯಾರ ಮಾಡತಿದ್ರು?" ಎಂದು ಕೇಳಿದಳು ಗಂಗಕ್ಕ.

ಎಷ್ಟು ವಾರ ಕೂತು, ಎಷ್ಟು ಚಹಾ ಉಕ್ಕಿಸಿ, ನಾನು ಬಿಡಿಸಿದ್ದು ಕ್ಷಮಾಪಣೆಯ ಚಿತ್ರವಲ್ಲ, ಅದೇ ಆರೋಪವನ್ನು ಬಣ್ಣದಲ್ಲಿ ಇನ್ನೂರು ಸಲ ಮುದ್ರಿಸಿದ್ದೆ. ತಪ್ಪಾಯಿತು ಎಂದೆ. ಅವಳು ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ದಾರ ಪೋಣಿಸಿದಳು.

"ನನ್ನ ಮುಂದ ಅಂದ್ರ ಆಗಂಗಿಲ್ರಿ ಟೀಚರ್. ಮಾತ ನಿಮ್ಮ ಪಡಸಾಲ್ಯಾಗ ಬಿದ್ದೈತಿ. ಅಲ್ಲೇ ಎತ್ತ್ರಿ."

ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ.

ಚೀಲದೊಡನೆ ಮನೆಗೆ ಮರಳಿ ಆ ವಾರ ಮತ್ತೆ ಕೈವಾರ ಹಿಡಿದೆ. ಈ ಸಲ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಹುಣಸೆ ಬೀಜ, ಪಕ್ಕದಲ್ಲಿ ಅಂಟಿಕೊಂಡ ನಾರು, ಅಷ್ಟೇ. ರೇಡಿಯಂ ಅಂಗಡಿಯವರು ನೋಡಿ, "ಇದನ್ನ ಯಾರ ಬೇಕಾದ್ರೂ ತಗೀತಾರಲ್ರಿ" ಎಂದರು. ಹೌದು, ಬಿಡಿಸಲಿ ಎಂದೆ. ಇಸ್ಪೀಟಿಗೆ ಬೇಕಾಗಿದೆಯೆಂದೂ ಹೇಳಿದೆ. ಇನ್ನೂರು ನಕ್ಷತ್ರಗಳ ಮೇಲೂ ಬೀಜದ ಲೇಬಲ್ ಅಂಟಿಸಿದೆ.

ರವಿವಾರ ಮೂವರು ಬಂದರು, ನಾವು ನಾಲ್ವರೂ ನಲವತ್ತು ನಲವತ್ತು ಬಿಲ್ಲೆ ಎಣಿಸಿಕೊಂಡೆವು. ನಾನು ನಿಂತುಕೊಂಡೇ, ತರಗತಿಯಲ್ಲಿ ನಿಲ್ಲುವಂತೆ, ಹೇಳಲು ಆರಂಭಿಸಿದೆ. ಮಾತು ಹುಣಸೆಹಣ್ಣಿನವರೆಗೆ ಬಂದಿತ್ತು, ಬಾಗಿಲಲ್ಲಿ ಗಂಗಕ್ಕ ಏದುಸಿರು ಬಿಡುತ್ತ ನಿಂತಿದ್ದಳು. "ಆಕಿಗೆ ಅರ್ಧ ಕೇಳಿಲ್ಲ, ಮೊದಲಿಂದ ಹೇಳ್ರಿ" ಎಂದಳು ಸರೋಜ. ಮೊದಲಿಂದ ಹೇಳಿದೆ. ಗಂಗಕ್ಕ ಬೀಜ ತಂದಿರಲಿಲ್ಲ, ಹಾಕಿದವಳು ನಾನು, ಇಲ್ಲವೆಂದವಳ ಮುಂದೆಯೇ ಮತ್ತೆ ಎಣಿಸಿದವಳೂ ನಾನು ಎಂದು ಎಲ್ಲರ ಮುಂದೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಗಂಗಕ್ಕ ಬಂದು ತನ್ನ ಜಾಗದಲ್ಲಿ ಕೂತಳು, ಚೀಲದ ತಳದಲ್ಲಿ ಉಳಿದ ಬಿಲ್ಲೆಗಳನ್ನು ಸುರುವಿಕೊಂಡಳು, ಒಂದನ್ನೆತ್ತಿ ಬೀಜದ ಚಿತ್ರವನ್ನು ನೋಡಿ, "ನಾರ ಛಲೋ ಬಂದೈತಿ" ಎಂದಳು.

ಇದಾಗಿ ಕೆಲವು ವಾರಗಳು ಕಳೆದಿವೆ. ಒಂದು ಇಂಚಿನ ವೃತ್ತ ಈಗ ನನ್ನನ್ನು ಕಾಡುವುದಿಲ್ಲ. ಕಾಡುವುದು ಇನ್ನೂರು ಎಂಬ ಸಂಖ್ಯೆ. ಆಟ ಮುಗಿದ ಮೇಲೆ ಎಲ್ಲರ ಮುಂದಿನ ಬಿಲ್ಲೆಗಳೂ ಟಕಟಕನೆ ಚೀಲಕ್ಕೆ ಬೀಳುತ್ತವೆ. ಅವು ಎಷ್ಟಿವೆಯೋ ನನಗೆ ಗೊತ್ತಿಲ್ಲ. ಬೆರಳುಗಳು ಸೆರಗಿನ ಅಂಚಿನ ಮೇಲೆ ತಾವಾಗಿಯೇ ಒಂದು, ಎರಡು ಎಂದು ಹೊರಡುತ್ತವೆ. ಆಗ ಚೀಲವನ್ನು ಗಂಗಕ್ಕನ ಕೈಗೆ ಕೊಟ್ಟು, ನಾನು ಎದ್ದು ಚಹಾ ಇಡಲು ಹೋಗುತ್ತೇನೆ.