ಮೌಸು ಮುಟ್ಟದೆ ಕಲಿಸುವವಳು

ಬ್ಯಾಡಗಿಯಲ್ಲಿ ರೈಲಿಳಿದ ಕೂಡಲೇ ಕೆಮ್ಮು ಶುರುವಾಯಿತು. ಕಣ್ಣು, ಮೂಗು, ಗಂಟಲು ಎಲ್ಲ ಉರಿ. ಸುತ್ತಲಿನವರು ಮಾತ್ರ ಆರಾಮಾಗಿ ಚಹಾ ಕುಡಿಯುತ್ತಿದ್ದರು. "ಮೆಣಸಿನಕಾಯಿ ಘಾಟ್ರಿ, ರೂಢಿ ಆಗ್ತೈತಿ," ಎಂದು ಆಟೋದವರು ನಕ್ಕರು. ರೂಢಿಯಾಗುವಷ್ಟು ಕಾಲ ಇಲ್ಲಿರಬೇಕೇ ಎಂದುಕೊಂಡೆ.

ಉಡುಪಿಯಲ್ಲಿ ಗಂಡನನ್ನೂ ಪುಟ್ಟ ಮಗಳನ್ನೂ ಬಿಟ್ಟು, ಇಲ್ಲಿನ ಹಳ್ಳಿಯೊಂದರ ಸಣ್ಣ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಬಂದವಳು ನಾನು. ನಮ್ಮಲ್ಲಿ ಬಾಗಿಲು ತೆರೆದರೆ ಕಡಲ ಗಾಳಿ. ಬ್ಯಾಡಗಿಯ ಬಾಡಿಗೆ ಕೋಣೆಗಿರುವುದೇ ಒಂದು ಕಿಟಕಿ, ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಅದನ್ನೂ ತೆರೆಯುವಂತಿಲ್ಲ. ಕುಚ್ಚಲಕ್ಕಿ ಗಂಜಿ ನೆನೆಯುತ್ತ ಜೋಳದ ರೊಟ್ಟಿ ಮುರಿಯುತ್ತಿದ್ದೆ. ವರ್ಗಾವಣೆ ಕೇಳಲು ಇನ್ನೂ ಕಾಯಬೇಕಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹಾವೇರಿಗೆ ಓಡಿ ಊರಿನ ಬಸ್ಸು ಹಿಡಿಯುವುದೊಂದೇ ನನ್ನ ಉಸಿರು.

ಭಾಷೆ ಇಲ್ಲೂ ಕನ್ನಡವೇ. ಆದರೆ ಕಂಪ್ಯೂಟರ್ ಪಾಠದಲ್ಲಿ "ಬಾಣದ ಗುರುತು ಎಲ್ಲುಂಟು?" ಎಂದರೆ ನನ್ನ 'ಉಂಟು' ಕೇಳಿ ಮಕ್ಕಳು ನಗುತ್ತಿದ್ದರು. ನಾಲ್ಕನೇ ತರಗತಿಯ ಕಾವೇರಿಯಂತೂ ನಾನು ಹತ್ತಿರ ಹೋದರೆ ಕೈಯನ್ನೇ ಬಚ್ಚಿಟ್ಟುಕೊಳ್ಳುತ್ತಿದ್ದಳು. ಸೋತು, ಆರನೇ ತರಗತಿಯ ರುಬೀನಾಳನ್ನು ಅವಳ ಪಕ್ಕ ಕೂರಿಸಿದೆ. ಒಂದೇ ಷರತ್ತು: ಕಲಿಸುವವಳು ಮೌಸು ಮುಟ್ಟಬಾರದು.

"ನೀನ ಹಿಡಿ. ಮೆತ್ತಗ. ಖರೇ ಇಲಿ ಅಲ್ಲ ಅದು, ಓಡಿ ಹೋಗಂಗಿಲ್ಲ," ಎಂದಳು ರುಬೀನಾ.

ಕಾವೇರಿ ಕಿಸಕ್ಕನೆ ನಕ್ಕು ಹಿಡಿದಳು. ಆ ವಾರವೇ ತನ್ನ ಹೆಸರು ಟೈಪ್ ಮಾಡಿದಳು. ಉಳಿದ ಮಕ್ಕಳನ್ನೂ ಹಾಗೆಯೇ ಜೋಡಿ ಮಾಡಿದೆ.

ಒಂದು ದಿನ ರುಬೀನಾಳ ಅಪ್ಪ ಬಂದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊರುವವರು. "ಅಕ್ಕೋರ," ಎಂದರು. ಇಲ್ಲಿ ಶಿಕ್ಷಕಿಯನ್ನು ಕರೆಯುವುದೇ ಹಾಗೆ. "ಮಗಳು ಕಲೀಲಿ ಅಂತ ಸಾಲಿಗೆ ಕಳಸ್ತೇನ್ರಿ. ನಿಮ್ಮ ಕೆಲಸ ಆಕಿ ಕಡೆ ಯಾಕ ಮಾಡಸ್ತೀರಿ?"

ಅಲ್ಲೇ ನಿಂತಿದ್ದ ರುಬೀನಾ ಮನೆಯಲ್ಲಿ ಉರ್ದು ಆಡುವವಳು; ನನಗೂ ತಿಳಿಯಲೆಂದು ಅಪ್ಪನಿಗೆ ಕನ್ನಡದಲ್ಲೇ ಹೇಳಿದಳು: "ಅಬ್ಬಾ, ಕಾವೇರಿ ಕೇಳಿದ್ದು ನನಗ ಬರಲಿಲ್ಲಂದ್ರ ನಾ ಹುಡುಕಿ ಕಲೀತೇನಿ. ಕಲಸೂದು ಬಿಡಸಬ್ಯಾಡ."

ಅವರು ನನ್ನತ್ತ ತಿರುಗಿದರು. "ಆತು. ಆದ್ರ ಇಕಿಗೂ ಬಾಜೂಕ ಕುಂತು ಕಲಸವ್ರು ಬೇಕಲ್ರಿ. ಶನಿವಾರ ಮಧ್ಯಾಹ್ನ ನೀವು ಕಲಸ್ತೀರೇನು?"

ಹೂಂ ಎಂದುಬಿಟ್ಟೆ. ಅಂದ ಮರುಕ್ಷಣವೇ ಹೊರಗಿನಿಂದ ಯಾರೋ ಚಿಲಕ ಹಾಕಿದಂತಾಯಿತು.

ಈಗ ಊರಿಗೆ ಹೋಗುವುದು ರಜೆ ಬಂದಾಗ ಮಾತ್ರ. ಶನಿವಾರ ನನ್ನ ಪಕ್ಕ ಕೂತು ರುಬೀನಾ ತಾನೇ ಕಥೆ ಟೈಪ್ ಮಾಡಿ, ಚಿತ್ರ ಕೂರಿಸಿ, ಸೋಮವಾರ ಅದನ್ನು ಕಾವೇರಿಗೆ ಕಲಿಸುತ್ತಾಳೆ. ನೋಡಿ ಹಿಗ್ಗುತ್ತೇನೆ. ಆದರೆ ಬಸ್ಸು ಹೊರಡುವ ಹೊತ್ತಿಗೆ ಗಡಿಯಾರ ನೋಡುತ್ತೇನೆ. "ಅಮ್ಮ, ಈ ವಾರವೂ ರಜೆ ಕೊಡ್ಲಿಲ್ವಾ?" ಎಂದು ಮಗಳು ಫೋನಿನಲ್ಲಿ ಕೇಳುತ್ತಾಳೆ. "ಇಲ್ಲ ಮಗಾ," ಎನ್ನುತ್ತೇನೆ.

ಈ ಬಾರಿ ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ. ರುಬೀನಾಗೆ ಅದು ಗೊತ್ತಿಲ್ಲ. ಶನಿವಾರ ನಾನಾಗಿಯೇ ಉಳಿಯುತ್ತೇನೆಂಬುದು ಮಗಳಿಗೆ ಗೊತ್ತಿಲ್ಲ. ಇಬ್ಬರೂ ನನ್ನ ದಾರಿ ಕಾಯುತ್ತಾರೆ.