ಎಡ ಅಂಚಿನಲ್ಲಿ ದೀಪ ಹಿಡಿದವರು

ಶಿರವಾಳದ ಆ ಮದುವೆಯ ವಿಡಿಯೋದಲ್ಲಿ ನಡುಗಿದ್ದು ರಾಜಾಸಾಬರ ಕೈಯಲ್ಲ, ನನ್ನದು. ಗೊತ್ತಿದ್ದೂ ಅವರ ಕೈ ಎಂದೆ — ಮೊದಲು ಬೇರೆಯವರಿಗೆ, ಆಮೇಲೆ ಸ್ವತಃ ಅವರಿಗೇ. ಎರಡನೆಯದಕ್ಕೆ ಏನೆಂದು ಹೆಸರಿಡಬೇಕೋ ಇವತ್ತಿಗೂ ತಿಳಿದಿಲ್ಲ.

ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅನುಮಾನ. ನೆನಪು ತೀರ ನೀಟಾಗಿ ಬರುತ್ತಿದೆ. ನೀಟಾದ ದೃಶ್ಯ ಕಂಡಾಗ ನನ್ನ ಕಸುಬಿನವರು ಕೇಳಬೇಕಾದ್ದು ಒಂದೇ — ಇದರ ಅಂಚು ಯಾರು ಕತ್ತರಿಸಿದರು?

ಶಹಾಪುರದಲ್ಲಿ ನನ್ನದೊಂದು ಮದುವೆ ವಿಡಿಯೋ ಸ್ಟುಡಿಯೋ. ರಾಜಾಸಾಬ್ ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು. ತಮ್ಮ ಅಂಗಡಿ ಮುಚ್ಚಿದ ಮೇಲೆ ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದರು. ಹೆಗಲ ಮೇಲಿಡುವ ಭಾರದ ಕ್ಯಾಮೆರಾದಲ್ಲಿ ಅರ್ಧ ಆಯುಷ್ಯ ಕಳೆದವರು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಗಳಿಗೆಯನ್ನು ತಂಡದ ಹಿರಿಯನೇ ಹಿಡಿಯಬೇಕೆಂಬುದು ನಮ್ಮಲ್ಲಿ ರೂಢಿ. ಇನ್ನೊಮ್ಮೆ ಮಾಡಿಸಲು ಬಾರದ ಗಳಿಗೆ ಅದು. ಅಂತರಪಟ ಸರಿಯುವ ಮೊದಲು ಅವರು ಉಸಿರು ಕಟ್ಟುತ್ತಿದ್ದರು, ಕೈಗಳೆಲ್ಲ ಖಾಲಿಯಾದ ಮೇಲೆ ಬಿಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ನಾನೊಂದು ಪುಟ್ಟ ಸಿನಿಮಾ ಕ್ಯಾಮೆರಾ ತಂದೆ. ಅದರ ಬಣ್ಣ, ಅದರ ನೆರಳು — ಹುಚ್ಚು ಹಿಡಿಸುವಂಥದ್ದು. ಆದರೆ ಕೈಯ ಅಲುಗಾಟವನ್ನು ಒಳಗೇ ತಡೆಯುವ ಸ್ಟೆಬಿಲೈಸೇಶನ್ ಅದರಲ್ಲಿರಲಿಲ್ಲ. ಇಲ್ಲದಿರುವುದೇ ಒಳ್ಳೆಯದೆಂದು ಎಲ್ಲರೆದುರು ವಾದಿಸಿದೆ. ಒಳಗೆ ಚಿತ್ರ ಹಿಡಿಯುವ ಸೆನ್ಸರನ್ನು ತೇಲಿಬಿಟ್ಟರೆ, ಕ್ಯಾಮೆರಾವನ್ನು ಓಡುವ ಜೀಪಿಗೆ ಕಟ್ಟಿದಾಗ ಅದು ತಾನೇ ಕುಣಿಯುತ್ತದೆ, ಚಿತ್ರದ ಮೂಲೆಗಳು ಅಲೆಯುತ್ತವೆ, ಯಂತ್ರ ನಮಗೆ ಗೊತ್ತಿಲ್ಲದೆ ದೃಶ್ಯ ತಿದ್ದುತ್ತದೆ ಎಂದೆ. ಸುಳ್ಳೇನಲ್ಲ. ಆದರೆ ನಾನು ಎಂದೂ ಜೀಪಿಗೆ ಕಟ್ಟಿದವನಲ್ಲ. ಮಂಟಪದಲ್ಲಿ ಬೀಗರ ಮೊಣಕೈಗಳ ನಡುವೆ ನಿಲ್ಲುವವನು.

ರಾಜಾಸಾಬ್ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

“ಭಾಳ ಹಗುರ ಅದ, ಮಲ್ಲಣ್ಣ. ಭಾರಾದ್ದು ನಮ್ಮ ನಡುಕ ನುಂಗತದ. ಇದು ನಾಡಿ ಹಿಡೀತದ ನೋಡು.”

“ಹಂಗಾರ ಡಾಕ್ಟರ್ ಕಡಿ ಹೋಗೋದು ತಪ್ತು ಬಿಡ್ರಿ,” ಎಂದೆ. ಅಂಗಡಿಯಲ್ಲಿದ್ದವರು ನಕ್ಕರು. ಆ ನಗುವಿನ ಹುರುಪಿನಲ್ಲೇ ಇನ್ನೊಂದು ಮಾತು ಬಿಟ್ಟೆ: “ಕೈ ಗಟ್ಟಿ ಇದ್ದವಂಗ ಅದೆಲ್ಲಾ ಯಾಕ ಬೇಕ್ರಿ, ಉಸ್ತಾದ್?”

ಶಿರವಾಳದಲ್ಲಿ ಆ ದಿನ ಬೆಳಿಗ್ಗೆಯಿಂದ ಕ್ಯಾಮೆರಾ ಒಂದಿಷ್ಟು ಹೊತ್ತು ಅವರ ಕೈಯಲ್ಲಿ, ಒಂದಿಷ್ಟು ಹೊತ್ತು ನನ್ನ ಕೈಯಲ್ಲಿ. ಅಕ್ಕಿಕಾಳಿನ ಹೊತ್ತಿಗೆ ಅವರು, “ಸ್ಟ್ಯಾಂಡ್ ಹಾಕು, ಇದನ್ನ ಕೈಯಾಗ ಹಿಡದು ಈ ಗಳಿಗಿ ತಗ್ಯಾಂಗಿಲ್ಲ,” ಎಂದರು. ನಾನು ಒಪ್ಪಲಿಲ್ಲ. “ಹಂಗಾರ ನೀನ ಹಿಡಿ,” ಎಂದು ಕ್ಯಾಮೆರಾ ಕೊಟ್ಟು, ವಿಡಿಯೋದ ದೀಪ ತೆಗೆದುಕೊಂಡು ಎಡಕ್ಕೆ ನಿಂತರು. ಗಟ್ಟಿಮೇಳ, ನೂಕಾಟ, ನನ್ನ ಎದೆಬಡಿತ — ಆ ಹಗುರ ಡಬ್ಬಿ ಎಲ್ಲವನ್ನೂ ಬರೆದುಕೊಂಡಿತು.

ಅಂಗಡಿಯಲ್ಲಿ ನೋಡಿದೆ. ನೋಡಲಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಹಾಕಿ ಅಲುಗಾಟ ನಿಲ್ಲಿಸಿದೆ. ಹಾಗೆ ನಿಲ್ಲಿಸಿದರೆ ಚಿತ್ರದ ನಾಲ್ಕೂ ಅಂಚು ಕತ್ತರಿಸಿಹೋಗುತ್ತವೆ. ಎಡ ಅಂಚಿನಲ್ಲಿದ್ದ ರಾಜಾಸಾಬರೂ ಹೋದರು. ನಡುಕ ಮುಚ್ಚಲು ಕತ್ತರಿಸಿದೆನೋ, ಅವರನ್ನು ಅಳಿಸಲು ಕತ್ತರಿಸಿದೆನೋ? ಮೊದಲನೆಯದೇ ಎಂದು ಮನಸ್ಸು ಕೂಡಲೇ ಹೇಳುತ್ತದೆ. ಅಷ್ಟು ಬೇಗ ಬರುವ ಉತ್ತರವನ್ನು ನಾನು ನಂಬುವುದಿಲ್ಲ.

ಅದೂ ಸರಿಹೋಗಲಿಲ್ಲ. ಅಲುಗಾಟ ನಿಂತಲ್ಲಿ ಈಗ ಆಕಾರಗಳೇ ಅಲೆಯತೊಡಗಿದ್ದವು. ಸುರಪುರದಲ್ಲಿ ಗುಮಾಸ್ತರಾಗಿದ್ದ ಮದುಮಗಳ ಸೋದರಮಾವ ಪೆನ್‌ಡ್ರೈವ್ ಹಿಡಿದು ಬಂದರು.

“ಏನ್ರಿ ಇದು? ಅಳಿಯನ ಬಾಸಿಂಗ ರಬ್ಬರಿಂದೇನು? ಬಗ್ಗತದ, ಹಿಗ್ಗತದ! ನೀರಾಗ ಮದಿವಿ ಮಾಡೀವೇನು ನಾವು?”

ರಾಜಾಸಾಬ್ ಆಗ ಚಹಾಕ್ಕೆ ಹೋಗಿದ್ದರು. ಕ್ಯಾಮೆರಾದ ದೋಷ ಎಂದರೆ ನನ್ನ ವಾದ ಬೀಳುತ್ತಿತ್ತು. ನನ್ನ ಕೈ ಎಂದರೆ —

“ಉಸ್ತಾದರಿಗೆ ವಯಸ್ಸಾಗ್ಯಾವ್ರಿ. ಕೈ...” ಎಂದೆ. ಅಷ್ಟೇ. ಉಳಿದದ್ದನ್ನು ಅವರೇ ತುಂಬಿಕೊಂಡರು. ಅಕ್ಕಿಕಾಳನ್ನು ಹಿಡಿಯುವವನು ಹಿರಿಯನೆಂದು ಎಲ್ಲರಿಗೂ ಗೊತ್ತಿರುವಾಗ ಯಾರೂ ಏನೂ ಕೇಳಲಿಲ್ಲ.

ಮಾತು ಸುರಪುರದಿಂದ ಹುಣಸಗಿಗೆ ಹೋಯಿತು. ಮದುವೆಯ ಕೆಲಸ ಹೇಳಲು ಬಂದವರು, “ಉಸ್ತಾದರು ಬರ್ಲಿ, ಉಣ್ಲಿ. ಕ್ಯಾಮೆರಾ ಮಾತ್ರ ನೀವ ಹಿಡೀರಿ,” ಎನ್ನತೊಡಗಿದರು. ಒಮ್ಮೆ ಅವರೆದುರಿಗೇ ಅಂದರು. ಎರಡು ತಿಂಗಳ ಬಳಿಕ, ನಾನು ಲೆನ್ಸ್ ಒರೆಸುತ್ತಿದ್ದಾಗ, ರಾಜಾಸಾಬ್ ಬಂದು ಕೂತರು. ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಂಡರು.

“ಮಲ್ಲಣ್ಣ, ಶಿರವಾಳದಾಗ ಅಕ್ಕಿಕಾಳಿಗಿ ನಿನ್ನ ಕೈಯಾಗ ಕೊಟ್ಟಂಗ ನೆನಪು. ಮಂದಿ ನಾನ ಅಂತಾರ. ಒಂದೊಂದು ಸಲ ನಂಗೂ ಹಂಗ ಅನಸ್ತದ. ನೀ ಹೇಳು, ನಮ್ಮಿಬ್ಬರಾಗ ಯಾರು ಹಿಡದಿದ್ವಿ?”

ನಿಜ ಹೇಳಲು ಬಾಗಿಲು ತೆರೆದಿತ್ತು. ಅವರೇ ತೆರೆದುಕೊಟ್ಟಿದ್ದರು.

“ನೀವ ಹಿಡದಿದ್ರಿ, ಉಸ್ತಾದ್,” ಎಂದೆ.

ಅವರು ತಲೆಯಾಡಿಸಿದರು. ಯಾದಗಿರಿಯಲ್ಲಿ ಡಾಕ್ಟರಿಗೆ ತೋರಿಸಿದರಂತೆ. ಏನೂ ಇಲ್ಲವೆಂದ ಡಾಕ್ಟರನ್ನು ಅವರು ನಂಬಲಿಲ್ಲ, ನನ್ನನ್ನು ನಂಬಿದರು. ಗೋಗಿಗೆ ಹೋಗಿ ಅಳಿಯನ ಚಪ್ಪಲಿ ಅಂಗಡಿಯಲ್ಲಿ ಕೂತರು. ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಹೋದ ತಿಂಗಳು ಯಾದಗಿರಿಯ ಹುಡುಗರು ಕರೆದರು. ಮದುವೆ ವಿಡಿಯೋ ಮಾಡುವವರೆಲ್ಲ ಸೇರುತ್ತಾರೆ, ಸಣ್ಣ ಸಿನಿಮಾ ಕ್ಯಾಮೆರಾಕ್ಕೆ ಒಳಗೇ ಸ್ಟೆಬಿಲೈಸೇಶನ್ ಬೇಕೋ ಬೇಡವೋ ಎಂದು ನಾನು ಮಾತಾಡಬೇಕಂತೆ. ‘ಕೈ ಗಟ್ಟಿ ಇದ್ದವಂಗ ಯಾಕ ಬೇಕು’ ಎಂಬ ನನ್ನ ಮಾತು ಅವರಿಗೆಲ್ಲ ಬಾಯಿಪಾಠ. ಉದಾಹರಣೆಗೆಂದು ಹಳೆಯ ಹಾರ್ಡ್‌ಡಿಸ್ಕ್ ಹುಡುಕುವಾಗ ಶಿರವಾಳದ ಮೂಲ ಚಿತ್ರ ಸಿಕ್ಕಿತು. ಅಷ್ಟು ಹೊತ್ತಿಗೆ ನಾನೂ ನನ್ನ ಸುಳ್ಳನ್ನು ನಂಬಿದ್ದೆ ಎಂದು ಬರೆಯಬಹುದಿತ್ತು. ಬರೆದರೆ ಅದೂ ಒಂದು ಕತ್ತರಿಸಿದ ಅಂಚು.

ಎಡಕ್ಕೆ ರಾಜಾಸಾಬ್, ತಲೆಯ ಮೇಲೆತ್ತಿದ ದೀಪ. ಇಡೀ ಮಂಟಪ ನಡುಗುತ್ತಿದೆ, ಅವರೂ ನಡುಗುತ್ತಿದ್ದಾರೆ — ನನ್ನ ಕೈಯಿಂದ. ಆದರೆ ಅವರ ದೀಪದಿಂದ ಬಿದ್ದ ಮದುಮಗಳ ಮೂಗಿನ ನೆರಳು ಅವಳ ಕೆನ್ನೆಯ ಮೇಲೆ ಇದ್ದಲ್ಲೇ ಇದೆ. ಕೊನೆಯ ಅಕ್ಕಿ ಬೀಳುವವರೆಗೆ ಕೂದಲೆಳೆಯಷ್ಟೂ ಸರಿದಿಲ್ಲ. ಆ ಮನುಷ್ಯನ ಕೈ ಅಷ್ಟು ಗಟ್ಟಿಯಿತ್ತು.

ನಿನ್ನೆ ಲ್ಯಾಪ್‌ಟಾಪ್ ತೆಗೆದುಕೊಂಡು ಗೋಗಿಗೆ ಹೋದೆ. ಚಪ್ಪಲಿ ಡಬ್ಬಿಗಳ ನಡುವೆ ಅದನ್ನಿಟ್ಟು ತೋರಿಸಿದೆ. ಮೂರು ಸಲ ನೋಡಿದರು.

“ದೀಪ ನಾ ಹಿಡದೀನಿ.”

“ಹೌದ್ರಿ.”

“ಕ್ಯಾಮೆರಾ?”

“ನಾನ್ರಿ. ಅವತ್ತ ನೀವು ಕೇಳಿದಾಗೂ ಗೊತ್ತಿತ್ತು.”

ಬೈಯುತ್ತಾರೆಂದು ಕಾದೆ. ಬಹುಶಃ ಬೈಯಲಿ ಎಂದೇ ಹೋಗಿದ್ದೆ, ಬೈಸಿಕೊಂಡವನಿಗೆ ಹಗುರಾಗುತ್ತದೆ. ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

“ಯಾದಗಿರಿ ಮಂದಿ ಮುಂದ ಇದ ತೋರಸ್ತೀ?”

“ಕತ್ತರಿಸದ, ಇದ್ದಂಗ ತೋರಸ್ತೀನ್ರಿ. ಅಂಥಾ ಕ್ಯಾಮೆರಾಕ್ಕ ಸ್ಟೆಬಿಲೈಸೇಶನ್ ಬೇಕಂತ ಹೇಳ್ತೀನಿ. ಯಾರ ಕೈ ಅಂತ್ಲೂ ಹೇಳ್ತೀನಿ.”

“ಸ್ಟ್ಯಾಂಡ್ ಹಾಕ್ಕೊಂಡು ಹೇಳು,” ಎಂದರು. ನಗಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ರಾಜಾಸಾಬ್ ಬಲಗೈ ಚಾಚಿ ಕಪ್ಪು ಮುಟ್ಟಿದರು. ಆ ಕೈಯನ್ನೇ ನೋಡಿಕೊಂಡರು. ಆಮೇಲೆ ಎಡಗೈಯನ್ನೂ ತಂದು, ಎರಡೂ ಕೈಯಿಂದ ಹಿಡಿದು ಎತ್ತಿದರು.